ಫೋಟೋದ ಕಣ್ಣಲ್ಲಿ ಬಿಳಿ ಬಳೆ

ದರ್ಜಿ ತನ್ನ ಮನೆಮಂದಿಯ ಫೋಟೋವನ್ನು ಕನ್ನಡಕದಂಗಡಿಯ ಮೇಜಿನ ಮೇಲೆ ಕುಕ್ಕಿದ.

"ಅಮ್ಮಾ, ನೀವೇ ನ್ಯಾಯ ಹೇಳಿ. ನನ್ನ ಕಣ್ಣಿಗೂ ತಂಗಿ ಕಣ್ಣಿಗೂ ಯಾರೋ ಕರಿಗುಡ್ಡೆ ಸುತ್ತ ಬಿಳಿ ಬಳೆ ಬರೆದಿದ್ದಾರೆ. ಪಕ್ಕದಲ್ಲೇ ಇರೋ ತಂಗಿ ಗಂಡನ್ನ ಮುಟ್ಟಿಲ್ಲ."

ಆ ಬೀದಿಯ ಕಳವು, ತಕರಾರುಗಳೆಲ್ಲ ಬಗೆಹರಿಯುತ್ತಿದ್ದುದು ಅಂಗಡಿಯ ಒಡತಿಯಿಂದ. ಅವರ ಭೂತಗನ್ನಡಿ ಹೊರುವುದು ಅಳಿಯನ ಕೆಲಸ. ಮೊದಲ ತಪ್ಪು ಊಹೆಯೂ ಅವನದೇ.

"ಕೆಳಗಿನ ಸ್ಟುಡಿಯೋದಲ್ಲಿ ಫೋಟೋ ತಿದ್ದೋ ಟಚಪ್‌ನವನೇ, ಅತ್ತೆ. ಇವರು ಹೊಲಿದ ಪ್ಯಾಂಟಿನ ಒಂದು ಕಾಲು ಗಿಡ್ಡ ಅಂತ ಅವನಿಗೆ ಸಿಟ್ಟು."

"ಎರಡೇ ಬೆರಳು," ಎಂದ ದರ್ಜಿ.

ಅತ್ತೆ ದರ್ಜಿಯ ಕಾಲು ನೋಡುತ್ತಿದ್ದರು. "ಷೂ ಹಿಂಬದಿ ಯಾಕೆ ಮಡಚಿದ್ದೀಯಾ?"

"ಹಿಮ್ಮಡಿ ಮೇಲೆ ಗಂಟು, ಉಜ್ಜುತ್ತೆ. ಅಪ್ಪನಿಗೂ ಇತ್ತು. ನಲವತ್ತೊಂದಕ್ಕೇ ಹೋಗಿಬಿಟ್ಟರು, ಎದೆ ಹಿಡ್ಕೊಂಡು."

"ನಿನಗೆಷ್ಟು?"

"ಮೂವತ್ನಾಲ್ಕು."

ಎಲ್ಲರೂ ಸ್ಟುಡಿಯೋಗೆ ಇಳಿದರು. ಸಂಜೆಯೊಳಗೆ ಟಚಪ್‌ನವನನ್ನು ಕೆಲಸದಿಂದ ತೆಗೆಯುವುದಾಗಿ ದರ್ಜಿಯ ದೂರು ಕೇಳಿದ್ದ ಸ್ಟುಡಿಯೋ ಮಾಲೀಕ ಆಗಲೇ ಹೇಳಿದ್ದ.

"ಈ ಫೋಟೋ ಪ್ರಿಂಟ್ ಆದ ವಾರ ನಾನು ರಜೆ," ಎಂದು ಟಚಪ್‌ನವ ಗೋಗರೆದ. "ಇದ್ದಿದ್ದು ಆ ಗಿಡ್ಡ ಕಾಲಿನ ಪ್ಯಾಂಟೊಂದೇ. ಹಾಕ್ಕೊಂಡು ಬೀದಿಗೆ ಬರೋಕಾಗುತ್ತಾ?"

"ನಿಜ, ಇದನ್ನ ಟಚಪ್ ಇಲ್ಲದೇ ಪ್ರಿಂಟ್ ಹಾಕಿದೆ," ಎಂದು ಮಾಲೀಕ ಒಪ್ಪಿಕೊಂಡ.

"ಇವರ ಹಳೇ ಫೋಟೋ, ಟಚಪ್‌ಗೆ ಮುಂಚಿನದು ತೋರಿಸಿ," ಎಂದರು ಅತ್ತೆ.

ಕಂಪ್ಯೂಟರಿನಲ್ಲಿ ಎರಡು ವರ್ಷದ ಹಿಂದಿನ ಚಿತ್ರ ತೆರೆಯಿತು. ಅದೇ ಬಳೆಗಳು.

ಟಚಪ್‌ನವ ತಲೆ ಕೆರೆದುಕೊಂಡ. "ಲೈಟು ಹೊಳೆದಿದೆ ಅಂದ್ಕೊಂಡು ಪ್ರತಿ ಸಲ ಅಳಿಸ್ತಿದ್ದೆ."

"ಬರೆದವರು ಯಾರೂ ಇಲ್ಲ, ಅಳಿಸಿದವನಿದ್ದಾನೆ," ಎಂದರು ಅತ್ತೆ. "ಲೈಟಾಗಿದ್ದರೆ ತಂಗಿ ಗಂಡನ ಕಣ್ಣಲ್ಲೂ ಹೊಳೀಬೇಕಿತ್ತು. ಒಡಹುಟ್ಟಿದವರಿಗೆ ಮಾತ್ರ ಇದೆ. ಹಿಮ್ಮಡಿಯ ಗಂಟು ಅಪ್ಪನಿಗೂ ಇತ್ತು. ವಂಶದಲ್ಲಿ ಬಂದ ಕೊಲೆಸ್ಟ್ರಾಲ್ ಇರಬೇಕು. ಮುದುಕರ ಕಣ್ಣಲ್ಲಿ ಈ ಬಳೆ ಸಹಜ, ನಿನ್ನ ವಯಸ್ಸಿಗಲ್ಲ. ದಿನಾ ಕನ್ನಡಿ ನೋಡಲ್ವಾ?"

"ನೋಡ್ತೀನಿ. ಕಾಲರ್ ಸರಿ ಇದೆಯಾ ಅಂತ."

"ನಾಳೆ ತಂಗೀನೂ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು. ಔಷಧಿ ಇದೆ. ನಿಮ್ಮಪ್ಪನಿಗೆ ಯಾರೂ ಹೇಳಲಿಲ್ಲ, ಅಷ್ಟೇ."

ಪರೀಕ್ಷೆ ಅತ್ತೆಯ ಮಾತನ್ನೇ ಹೇಳಿತು. ಅಣ್ಣ ತಂಗಿ ಇಬ್ಬರಿಗೂ ಡಾಕ್ಟರು ಮಾತ್ರೆ ಬರೆದರು. ಮರುವಾರ ದರ್ಜಿ ಸ್ಟುಡಿಯೋಗೆ ಬಂದು ಟಚಪ್‌ನವನ ಕೈ ಹಿಡಿದುಕೊಂಡ.

"ಆ ಕಾಲು ಗಿಡ್ಡ ಆಗದಿದ್ದರೆ ನೀನು ರಜೆ ಹಾಕ್ತಿರಲಿಲ್ಲ, ನಾನೂ ಅಪ್ಪನ ದಾರಿ ಹಿಡೀತಿದ್ದೆ. ಪ್ಯಾಂಟು ಕೊಡು, ಸರಿ ಮಾಡ್ತೀನಿ."

"ಹೇಗೆ ಮಾಡ್ತೀಯಾ?"

"ಇನ್ನೊಂದು ಕಾಲನ್ನೂ ಎರಡು ಬೆರಳು ಕತ್ತರಿಸ್ತೀನಿ."