ಗ್ಯಾರೇಜಿನಲ್ಲಿ ನಿಂತ ನೀರು

ಬಂದವಳು ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಮ್ಮಪ್ಪನ್ನ ಕೊಂದಿದ್ದು ನಾನೇ ಅಂತ ಮನೇಲಿ ಹೇಳ್ತಿದ್ದಾರೆ," ಎಂದಳು. "ಹೌದೋ ಅಲ್ವೋ ನೀವು ನೋಡಿ ಹೇಳ್ಬೇಕು. ಹೌದು ಅಂದ್ರೂ ತಡ್ಕೋತೀನಿ. ಹೀಗೆ ಗೊತ್ತಿಲ್ದೆ ಮಾತ್ರ ಇರೋಕಾಗಲ್ಲ."

ಹಲ್ಲಿನ ಡಾಕ್ಟರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಅವರ ಅಕ್ಕ ಮಾತ್ರ ಕನ್ನಡಕ ಒರೆಸುತ್ತಾ, "ಮೊದಲು ಕೂತ್ಕೊ ಮಗು. ನಿಂತ್ಕೊಂಡು ಹೇಳಿದ್ರೆ ಅರ್ಧ ಬಿಟ್ಟುಹೋಗುತ್ತೆ," ಎಂದರು.

ಊರಿನವರೆಲ್ಲ ಆ ಅಕ್ಕನನ್ನು ವಿಮೆ ಅಮ್ಮ ಎಂದೇ ಕರೆಯುತ್ತಿದ್ದರು. ಸುಟ್ಟ ಗೋದಾಮು, ಮುಳುಗಿದ ಅಂಗಡಿಗಳನ್ನು ನೋಡಿ, ಯಾವುದು ತಾನಾಗಿ ಆದದ್ದು, ಯಾವುದು ಬೇಕೆಂದೇ ಮಾಡಿದ್ದು ಎಂದು ವಿಮೆ ಕಂಪನಿಗೆ ತಿಳಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಜನ ಹುಡುಕಿಕೊಂಡು ಬರುವುದು ತಪ್ಪಲಿಲ್ಲ. ಅಂಥ ಕಡೆಗೆಲ್ಲ ತಮ್ಮನೂ ಜೊತೆಗೆ ಹೋಗುತ್ತಿದ್ದರು. ಅಕ್ಕ ಮುಲಾಜಿಲ್ಲದೆ ಮಾತಾಡಿ ಬಂದ ಮೇಲೆ ಹಿಂದೆಯೇ ನಿಂತು ನಾಲ್ಕು ಸಮಾಧಾನದ ಮಾತು ಹೇಳುವ ಕೆಲಸ ಅವರ ಪಾಲಿನದು.

ಹುಡುಗಿ ಹೇಳಿದ್ದು ಹೀಗಿತ್ತು. ಅವರ ಮನೆಯ ಗ್ಯಾರೇಜಿನಲ್ಲಿ ಮೊದಲಿನಿಂದಲೂ ನೀರು ನಿಲ್ಲುತ್ತಿತ್ತು. ಗಾಡಿ ತೊಳೆದರೆ ಸಾಕು, ಪಾದ ಮುಳುಗುತ್ತಿತ್ತು. ಅಪ್ಪ ದಿನಾ ನಸುಕಿನಲ್ಲೇ ಎದ್ದು, ಅಲ್ಲಿ ದೊಡ್ಡ ಬಾಗಿಲ ಪಕ್ಕದ ಮೇಜಿನ ಮುಂದೆ ಹಳೆಯ ರೇಡಿಯೋಗಳನ್ನು ರಿಪೇರಿ ಮಾಡುತ್ತಾ ಕೂರುವವರು. ನೀರೂ ಕರೆಂಟೂ ಒಂದೇ ಕಡೆ ಬೇಡವೆಂದು ಮಗಳೇ ಮೇಸ್ತ್ರಿಯನ್ನು ಕರೆಸಿದ್ದಳು. ನೆಲಕ್ಕೆ ಬಾಗಿಲ ಕಡೆಗೆ ಇಳಿಜಾರು ಕೊಡಿಸಿ, ಬಾಗಿಲ ಉದ್ದಕ್ಕೂ ಸಣ್ಣ ಚರಂಡಿ ತೆಗೆಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದಳು. ಬಕೆಟ್‌ಗಟ್ಟಲೆ ನೀರು ಸುರಿದು ನೋಡಿದ್ದಳು. ಒಂದು ಹನಿ ನಿಂತಿರಲಿಲ್ಲ.

ಹೋದ ವಾರ ಬೆಳಿಗ್ಗೆ ಅಪ್ಪ ಅಲ್ಲೇ, ನಿಂತ ನೀರಿನಲ್ಲಿ, ಮೇಜಿನ ಬುಡದಲ್ಲಿ ಬಿದ್ದಿದ್ದರು. ಮೇಜಿನ ದೀಪದ ವೈರು ಸುಲಿದು ನೀರಿಗೆ ಇಳಿಬಿದ್ದಿತ್ತು.

"ಪೊಲೀಸರು ಏನಂದ್ರು?" ಎಂದು ವಿಮೆ ಅಮ್ಮ ಕೇಳಿದರು.

"ವೈರನ್ನ ಇಲಿ ಕಡಿದಿದೆ, ಚರಂಡಿಗೆ ಎಲೆ ಕಟ್ಕೊಂಡು ನೀರು ನಿಂತಿದೆ ಅಂದ್ರು. ಹಿಂದಿನ ಸಂಜೆ ಅಣ್ಣ ಬೈಕ್ ತೊಳೆದಿದ್ದ. ನೀರೆಲ್ಲ ಇಳಿದುಹೋಯ್ತು, ನಾನೇ ನೋಡಿದ್ದೀನಿ ಅಂತಾನೆ. ಅವನ ಮಾತು ಯಾರೂ ನಂಬ್ಲಿಲ್ಲ. ಚಿಕ್ಕಪ್ಪ ಎಲ್ಲರ ಮುಂದೆ, 'ನೆಲ ಕೆದಕಬೇಡ ಅಂತ ಬಡ್ಕೊಂಡೆ, ಇವಳು ಕೇಳ್ಲಿಲ್ಲ' ಅಂದ್ರು. ಅವತ್ತಿಂದ ಅಮ್ಮ ನನ್ನ ಮುಖ ನೋಡಿಲ್ಲ. ಮನೆಗೆ ಏನೋ ಕೇಡು ಹೊಕ್ಕಿದೆ ಅಂತಾಳೆ ಅಮ್ಮ. ಇರಬಹುದು. ಅವತ್ತೇ ಸಂಜೆ ಚಿಕ್ಕಪ್ಪ ಸಾಕಿದ್ದ ಮೀನುಗಳೂ ಒಂದೊಂದಾಗಿ ಸತ್ತು ಮೇಲೆ ತೇಲಿದ್ವು."

ವಿಮೆ ಅಮ್ಮ ಕನ್ನಡಕ ಹಾಕಿಕೊಂಡರು. "ಮೀನುಗಳೂ ಸತ್ವಾ?" ಎಂದಷ್ಟೇ ಕೇಳಿ ಎದ್ದು ನಿಂತರು.

ಮಧ್ಯಾಹ್ನವೇ ಇಬ್ಬರೂ ಆ ಮನೆಗೆ ಹೋದರು. ತಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅಪ್ಪನಂತೆಯೇ ಆರಡಿ ಮೀರಿದ ಅಣ್ಣ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ. ಗಿಡ್ಡ ಆಳಾದ ಚಿಕ್ಕಪ್ಪನ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಅವರೇ ಮುಂದೆ ಬಂದು ಗ್ಯಾರೇಜಿನ ಬೀಗ ತೆಗೆದರು.

ಹಲ್ಲಿನ ಡಾಕ್ಟರು ಒಳಗೆ ಹೆಜ್ಜೆಯಿಟ್ಟರು. ನೀರು ಬಳಿದು ಹಾಕಿ ದಿನಗಳಾಗಿದ್ದರೂ ಹಸಿ ವಾಸನೆ ಹೋಗಿರಲಿಲ್ಲ. ಗೋಡೆಯ ಬುಡದಲ್ಲಿ ನೀರು ನಿಂತ ಮಟ್ಟಕ್ಕೆ ಕಂದು ಗೆರೆಯೊಂದು ಎಳೆದ ಹಾಗಿತ್ತು. ಒಂದು ಬದಿಗೆ ಟಾರ್ಪಾಲು ಹೊದ್ದ ಕಾರು, ಹೆಣ ಮುಚ್ಚಿಟ್ಟ ಹಾಗೆ. ಇನ್ನೊಂದು ಬದಿಯಲ್ಲಿ ಎರಡು ಮೆಟ್ಟಿಲು ಹತ್ತಿದರೆ ಚಿಕ್ಕಪ್ಪನ ಕೋಣೆಯ ಬಾಗಿಲು.

ಚರಂಡಿಯಿಂದ ಅಣ್ಣ ತೆಗೆದ ಎಲೆಗಳ ರಾಶಿ ಮೂಲೆಯಲ್ಲೇ ಇತ್ತು. ವಿಮೆ ಅಮ್ಮ ಅದರ ಮುಂದೆ ಮಂಡಿಯೂರಿ, ಒಂದೊಂದೇ ಎಲೆಯನ್ನು ಬಿಡಿಸಿ ನೆಲದ ಮೇಲೆ ಹರವಿದರು. ಅಂಗೈ ಅಗಲದ ಎಲೆಗಳು. ಒಂದೂ ಹರಿದಿರಲಿಲ್ಲ, ಮುದುಡಿರಲಿಲ್ಲ. ಆಮೇಲೆ ಜಾಲರಿಯ ಸೀಳಿನ ಮೇಲೆ ತಮ್ಮ ಕಿರುಬೆರಳಿಟ್ಟು ನೋಡಿದರು. ಬೆರಳೇ ಒಳಗೆ ಹೋಗಲಿಲ್ಲ.

"ಇವು ಜಾಲರಿ ಮೇಲಿದ್ವಾ, ಕೆಳಗಿದ್ವಾ?"

"ಕೆಳಗೆ," ಎಂದ ಅಣ್ಣ. "ಜಾಲರಿ ಎತ್ತಿ ತೆಗೆಯಬೇಕಾಯ್ತು. ಪೈಪಿನ ಬಾಯಿಗೆ ಒತ್ತಾಗಿ ಸಿಕ್ಕಿಕೊಂಡಿದ್ವು."

ರಾಶಿಯ ತಳದಿಂದ ಅವರು ಏನನ್ನೋ ಹೆಕ್ಕಿ ತಮ್ಮನ ಅಂಗೈಗೆ ಹಾಕಿದರು. ಎಳ್ಳಿಗಿಂತ ತುಸು ದೊಡ್ಡದು, ಸುರುಳಿ ಸುತ್ತಿದ ಪುಟ್ಟ ಚಿಪ್ಪು. "ಜೋಪಾನ, ಡಾಕ್ಟ್ರೇ," ಎಂದರು. ಅಕ್ಕ ಡಾಕ್ಟ್ರೇ ಎಂದಾಗಲೆಲ್ಲ ತಮ್ಮನಿಗೆ ಏನೋ ಕಾದಿದೆ ಎಂದೇ ಅರ್ಥ. "ಈಗ ಈ ವೈರು ನೋಡು. ನೀನು ನೋಡೋದು ಮನುಷ್ಯರ ಹಲ್ಲು, ಇರಲಿ. ಇದು ಇಲಿ ಹಲ್ಲಾ?"

ಡಾಕ್ಟರು ಮೇಜಿನ ದೀಪದ ವೈರನ್ನು ಬೆಳಕಿಗೆ ಹಿಡಿದರು. ಇಲಿ ಕಡಿದರೆ ಮುಂದಿನ ಜೋಡಿ ಹಲ್ಲಿನ ಜೋಡಿ ಗೆರೆ ಬೀಳಬೇಕು, ಅಂಚು ಚೂರುಚೂರಾಗಬೇಕು. ಇಲ್ಲಿ ಗೆರೆ ಒಂಟಿ, ಅಂಚು ನಯ. ಯಾರೋ ಬ್ಲೇಡಿನಿಂದ ಹೆರೆದು, ಆಮೇಲೆ ಒರಟಾಗಿ ಕಾಣಲೆಂದು ಅಲ್ಲಲ್ಲಿ ಚುಚ್ಚಿದ್ದರು. ಡಾಕ್ಟರು ತಲೆಯಾಡಿಸಿ ಅಲ್ಲವೆಂದರು. ಬಾಗಿಲಲ್ಲಿ ನಿಂತಿದ್ದ ಮನೆಯವರಲ್ಲಿ ಒಬ್ಬರು ಈ ಕೆಲಸ ಮಾಡಿರಬಹುದೆಂಬ ಯೋಚನೆ ಬಂದು, ಆ ಕಡೆ ತಿರುಗಲೇ ಭಯವಾಯಿತು.

ವಿಮೆ ಅಮ್ಮ ಟಾರ್ಪಾಲು ಸರಿಸಿದರು. ಕಾರಿನ ಒಂದು ದೀಪದ ಗಾಜು ಹಳದಿಗಟ್ಟಿತ್ತು. ಇನ್ನೊಂದು ಹೊಚ್ಚ ಹೊಸದು.

"ಇದನ್ನ ಯಾರು ಓಡಿಸ್ತಿದ್ರು?"

"ಮೂವರೂ," ಎಂದಳು ಮಗಳು. "ಅಪ್ಪ, ಅಣ್ಣ, ಚಿಕ್ಕಪ್ಪ. ಸ್ವಲ್ಪ ದಿನದ ಹಿಂದೆ ಅಪ್ಪ ಬೀಗದ ಕೈ ಕಿತ್ಕೊಂಡು, ಇನ್ಮೇಲೆ ಈ ಕಾರನ್ನ ಯಾರೂ ಮುಟ್ಟಬಾರದು ಅಂದ್ರು. ಅಣ್ಣಂಗೂ ಅಪ್ಪಂಗೂ ಅದಕ್ಕೇ ಜಗಳ ಆಯ್ತು."

"ಆಯ್ತು, ನಾನು ಕೂಗಾಡಿದ್ದು ನಿಜ," ಎಂದ ಅಣ್ಣ ಕೆಂಪಾಗಿ. "ಕಾರಣ ಕೇಳಿದ್ರೆ ಬಾಯೇ ಬಿಡ್ತಿರ್ಲಿಲ್ಲ. ಸೇತುವೆ ಹತ್ರ ಹಾಲಿನವನಿಗೆ ಯಾರೋ ಗುದ್ದಿ ಓಡಿಹೋದ್ರಲ್ಲ, ಅವನ ಸೈಕಲ್ಲು, ಕ್ಯಾನು ಎಲ್ಲ ಚೆಲ್ಲಾಪಿಲ್ಲಿಯಾಗಿ ಅಲ್ಲೇ ಪ್ರಾಣ ಬಿಟ್ಟನಲ್ಲ, ಆ ಸುದ್ದಿ ಬಂದಾಗಿಂದ ಅಪ್ಪ ಸರಿಯಾಗಿ ಊಟಾನೇ ಮಾಡ್ಲಿಲ್ಲ."

"ಡಾಕ್ಟ್ರೇ, ಒಳಗೆ ಕೂತ್ಕೊಳ್ಳಿ."

ಡಾಕ್ಟರು ಡ್ರೈವರ್ ಸೀಟಿಗೆ ತೂರಿಕೊಳ್ಳಲು ನೋಡಿದರು. ಮಂಡಿ ಸ್ಟೀರಿಂಗಿಗೆ ಒತ್ತಿತು. ಹೊಟ್ಟೆಯಂತೂ ಹಿಡಿಸಲೇ ಇಲ್ಲ. ಸೀಟು ಮುಂದಕ್ಕೆ ಹೋಗುವಷ್ಟು ಹೋಗಿತ್ತು. ಎಲ್ಲರ ಮುಂದೆ ನಗೆಪಾಟಲಾದೆನೆಂದು ಅವರು ಗೊಣಗುತ್ತಾ ಇಳಿದರು. ಅಕ್ಕ ನಗಲಿಲ್ಲ.

ಆಮೇಲೆ ವಿಮೆ ಅಮ್ಮ ತಾಯಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು: "ಅವತ್ತು ರಾತ್ರಿ ನಿಮಗೆ ನಿದ್ದೆ ಬಂದಿತ್ತಾ, ತಾಯಿ?"

"ಎಲ್ಲಿ ನಿದ್ದೆ? ಕಾಲು ನೋವು. ಬೆಳಗಿನ ತನಕ ಎದ್ದೇ ಇದ್ದೆ."

"ಮೋಟರ್ ಸದ್ದು ಕೇಳಿಸ್ತಾ?"

"ಇಲ್ಲ. ಯಾರು ಯಾವ ನಲ್ಲಿ ತಿರುಗಿಸಿದ್ರೂ ಅದು ಗುಂಯ್ ಅನ್ನುತ್ತೆ, ನನ್ನ ಮಂಚದ ಗೋಡೆಗೇ ಇದೆ. ರಾತ್ರಿ ಒಂದ್ಸಲಾನೂ ಓಡ್ಲಿಲ್ಲ. ಬೆಳಿಗ್ಗೆ ಮಾತ್ರ, ಇವರನ್ನ ಹೊರಗೆ ಮಲಗಿಸಿ ಎಲ್ಲರೂ ಗೋಳಾಡ್ತಿರುವಾಗ, ಓಡಿದ್ದೇ ಓಡಿದ್ದು. ಯಾರೋ ನಲ್ಲಿ ಮರೆತಿದ್ದಾರೆ ಅಂದ್ಕೊಂಡೆ. ಎದ್ದು ನೋಡೋಕೆ ನನ್ನ ಕೈಕಾಲಲ್ಲಿ ಜೀವ ಎಲ್ಲಿತ್ತು?"

ಕೊನೆಗೆ ಚಿಕ್ಕಪ್ಪನ ಕೋಣೆ. ಒಂದು ಗೋಡೆಯ ಉದ್ದಕ್ಕೂ ಗಾಜಿನ ತೊಟ್ಟಿ. ಒಳಗೆ ಪಾಚಿ ಹಿಡಿದ ಕಲ್ಲು, ಹಸಿರು ಗಿಡ. ನೀರು ಮಾತ್ರ ತಿಳಿ. ಒಂದು ಮೀನೂ ಇಲ್ಲದ ಆ ನೀರು ಡಾಕ್ಟರಿಗೆ ಕಣ್ಣಿಲ್ಲದ ಮುಖದಂತೆ ಕಂಡಿತು. ಗಿಡದ ಎಲೆಗಳ ಬೆನ್ನಿಗೆ ಸುರುಳಿ ಚಿಪ್ಪುಗಳು ಅಂಟಿದ್ದವು.

"ನಮ್ಮಣ್ಣನ ಹಿಂದೆಯೇ ಇವೂ ಹೋದ್ವು," ಎಂದು ಚಿಕ್ಕಪ್ಪ ಬಿಕ್ಕಿದರು.

ಹಿಂತಿರುಗುವಾಗ ವಿಮೆ ಅಮ್ಮ ಮನೆಗೆ ಹೋಗದೆ ನೇರ ಪೊಲೀಸ್ ಠಾಣೆಗೆ ನಡೆದರು.

ಮರುದಿನ ಸಂಜೆ ಆ ಮನೆಯ ನಡುಕೋಣೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಅವರ ಮುಖ ನೋಡಿದರೆ ಅಪಘಾತವೆಂದು ಮುಗಿಸಿದ್ದ ಕೇಸನ್ನು ಮತ್ತೆ ತೆರೆಯಬೇಕಾಗಿ ಬಂದ ಮುಜುಗರ ಎದ್ದು ಕಾಣುತ್ತಿತ್ತು.

"ಮೊದಲು ಈ ಹುಡುಗಿ ವಿಷಯ ಮುಗಿಸ್ತೀನಿ," ಎಂದು ವಿಮೆ ಅಮ್ಮ ಶುರುಮಾಡಿದರು. "ಇವಳು ಮಾಡಿಸಿದ ನೆಲದಲ್ಲಿ ಒಂದು ಕೊರತೇನೂ ಇಲ್ಲ. ಗಾಳಿಗೆ ಬಂದ ಎಲೆ ಜಾಲರಿ ಮೇಲೆ ನಿಲ್ಲಬೇಕಿತ್ತು. ಕಿರುಬೆರಳು ಹೋಗದ ಸೀಳಲ್ಲಿ ಅಂಗೈ ಅಗಲದ ಎಲೆ ಹರಿಯದೆ ಕೆಳಗಿಳಿಯಲ್ಲ. ಜಾಲರಿ ಎತ್ತಿ ಯಾರೋ ಪೈಪಿಗೆ ತುರುಕಿದ್ದಾರೆ. ವೈರನ್ನೂ ಕೈಯಿಂದ ಹೆರೆದಿದ್ದಾರೆ. ದೀಪ ಹಾಕ್ಬೇಕಾದ್ರೆ ಯಜಮಾನರು ಕತ್ತಲಲ್ಲೇ ಮೇಜಿನ ತನಕ ತಡಕಾಡಿಕೊಂಡು ಹೋಗ್ತಾರೆ ಅಂತ ಗೊತ್ತಿದ್ದವರ ಕೆಲಸ ಇದು. ಅಂದ್ರೆ ಮನೆಯವರದ್ದು."

ತಾಯಿಯ ಮುಖ ಕಿಟಕಿಯಿಂದ ಈ ಕಡೆಗೆ ತಿರುಗಿತ್ತು.

"ಇನ್ನು ನೀರು. ಇವಳ ಅಣ್ಣ ಬೈಕ್ ತೊಳೆದ ನೀರು ಇಳಿದುಹೋಗಿತ್ತು, ಅವನು ಹೇಳಿದ್ದು ನಿಜ. ಮಳೆ ಇಲ್ಲ. ರಾತ್ರಿ ಯಾರಾದ್ರೂ ನಲ್ಲಿ ತಿರುಗಿಸಿದ್ರೆ ಮೋಟರ್ ಓಡಬೇಕಿತ್ತು. ಎದ್ದೇ ಇದ್ದ ಈ ತಾಯಿಗೆ ಕೇಳಿಸ್ಲಿಲ್ಲ. ಹಾಗಾದ್ರೆ ನಲ್ಲೀನೇ ಮುಟ್ಟದೆ ಅಷ್ಟು ನೀರು ಎಲ್ಲಿಂದ ಬಂತು? ಗ್ಯಾರೇಜಿಗಿಂತ ಎರಡು ಮೆಟ್ಟಿಲು ಮೇಲೆ, ಬಾಗಿಲ ಆಚೆ, ತೊಟ್ಟಿ ತುಂಬ ನೀರಿತ್ತು. ಒಂದು ರಬ್ಬರ್ ಪೈಪ್ ಇಳಿಬಿಟ್ರೆ ಸದ್ದೇ ಇಲ್ಲದೆ ಹರಿದು ಬರುತ್ತೆ." ಅವರು ತಮ್ಮನ ಅಂಗೈಯ ಚಿಪ್ಪನ್ನು ತೋರಿಸಿದರು. "ತೊಟ್ಟಿಯ ಗಿಡಕ್ಕೆ ಅಂಟಿರೋ ಅಂಥದ್ದೇ ಇದು, ನೀರಿನ ಜೊತೆ ಹರಿದು ಬಂತು."

"ಬೇರೆ ಎಲ್ಲಿಂದಾದ್ರೂ ಬಂದಿರಬಹುದು," ಎಂದರು ಚಿಕ್ಕಪ್ಪ. ದನಿ ಪಿಸುಮಾತಿನಷ್ಟಾಗಿತ್ತು.

"ಬಂದಿರಬಹುದು. ಆದರೆ ಮೀನುಗಳು ಯಾಕೆ ಸತ್ವು? ಮುಕ್ಕಾಲು ಖಾಲಿಯಾದ ತೊಟ್ಟಿ ಯಾರ ಕಣ್ಣಿಗಾದ್ರೂ ಬಿದ್ದೀತು ಅಂತ, ಹೆಣ ಹೊರಗಿರುವಾಗಲೇ ಗಡಿಬಿಡಿಯಲ್ಲಿ ನಲ್ಲಿ ನೀರು ತುಂಬಿಸಿದ್ರಿ. ಮೋಟರ್ ಓಡಿದ್ದೇ ಓಡಿದ್ದು ಅದಕ್ಕೇ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಹಾಗೇ ಹಾಕಿದ್ರೆ ಮೀನು ಬದುಕಲ್ಲ. ಮೀನು ಸಾಕೋ ನಿಮಗೆ ಅದು ಗೊತ್ತಿಲ್ಲದೇ ಇಲ್ಲ. ಕಾಯೋಕೆ ವ್ಯವಧಾನ ಇರ್ಲಿಲ್ಲ, ಅಷ್ಟೇ."

"ಯಾಕೆ?" ಎಂದಳು ಮಗಳು. "ಅಪ್ಪ ಇವರಿಗೆ ಏನು ಮಾಡಿದ್ರು?"

"ಕಾರಿನ ಸೀಟು ಹೇಳುತ್ತೆ ಮಗು. ಕೊನೆ ಸಲ ಅದನ್ನ ಓಡಿಸಿದವರು ಗಿಡ್ಡ ಆಳು. ನಿಮ್ಮಪ್ಪನಾಗ್ಲಿ ನಿಮ್ಮಣ್ಣನಾಗ್ಲಿ ಅಲ್ಲಿ ಕೂರೋಕೇ ಆಗಲ್ಲ. ಹಾಲಿನವನ ಸುದ್ದಿ ಬಂದಾಗ ನಿಮ್ಮಪ್ಪನಿಗೆ ದೀಪದ ಆ ಹೊಸ ಗಾಜು ಕಣ್ಣಿಗೆ ಬಿದ್ದಿರಬೇಕು."

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಬಂಪರಿನ ಅಡಿ ನೀಲಿ ಬಣ್ಣ ಮೆತ್ತಿತ್ತು. ಹಾಲಿನವನ ಸೈಕಲ್ಲಿನ ಬಣ್ಣವೇ. ಇವತ್ತು ಬೆಳಿಗ್ಗೆ ಹೋಲಿಸಿ ನೋಡಿದ್ವಿ."

ಚಿಕ್ಕಪ್ಪ ಇದ್ದಲ್ಲೇ ಕುಸಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

"ನೀನೇ ಹೋಗಿ ಒಪ್ಕೊ, ಇಲ್ದಿದ್ರೆ ನಾನೇ ಠಾಣೆಗೆ ಹೋಗ್ತೀನಿ ಅಂದ ನಮ್ಮಣ್ಣ. ಕಾಲು ಹಿಡಿದೆ, ಕೇಳ್ಲಿಲ್ಲ. ಅವತ್ತು ಬೆಳಿಗ್ಗೆ ಹೋಗೋನಿದ್ದ. ನಾನು ಬೇಕೂಂತ ಗುದ್ದಿದ್ದಲ್ಲ ಅತ್ತಿಗೆ. ಮಬ್ಬು ಕತ್ತಲು, ನನಗೆ ಕಾಣಿಸ್ಲಿಲ್ಲ."

"ಯಾರು ಕಾಣಿಸ್ಲಿಲ್ಲ?" ಎಂದರು ತಾಯಿ. "ಹಾಲಿನವನೋ, ನಿಮ್ಮಣ್ಣನೋ?"

ಇನ್ಸ್‌ಪೆಕ್ಟರು ಎದ್ದು ಚಿಕ್ಕಪ್ಪನ ತೋಳು ಹಿಡಿದರು. ಹೊರಗೆ ಹೋಗುವಾಗ ಚಿಕ್ಕಪ್ಪ ಒಮ್ಮೆ ಹಿಂತಿರುಗಿ ನೋಡಿದರು. ಎಳೆಯ ವಯಸ್ಸಿನಿಂದ ಅವರಿಗೆ ಅನ್ನ ಬಡಿಸಿದ್ದ ಅತ್ತಿಗೆ ಕಣ್ಣು ಕೂಡ ಎತ್ತಲಿಲ್ಲ.

ಜೀಪಿನ ಸದ್ದು ಅಡಗಿದ ಮೇಲೆ ತಾಯಿ ಮಗಳ ಬಳಿ ಬಂದರು. ಅವಳ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಹಾಗೆಯೇ ನಿಂತರು. ಆಮೇಲೆ ಚಪ್ಪಲಿ ಮೆಟ್ಟಿದರು.

"ಹಾಲಿನವನ ಮನೆ ಎಲ್ಲಿ ಅಂತ ನಿಮಗೆ ಗೊತ್ತಾ?" ಎಂದು ವಿಮೆ ಅಮ್ಮನನ್ನು ಕೇಳಿದರು.

"ಗೊತ್ತು. ಆದರೆ ಪೊಲೀಸರೇ ಹೇಳ್ತಾರೆ. ನೀವು ಹೋಗ್ಲೇಬೇಕು ಅಂತಿಲ್ಲ."

"ನಾನೇ ಹೋಗ್ಬೇಕು."

ಐದು ಜನ ನಡೆದೇ ಹೊರಟರು. ಅಣ್ಣ ತಾಯಿಯ ಒಂದು ತೋಳು ಹಿಡಿದಿದ್ದ, ಮಗಳು ಇನ್ನೊಂದು. ಸೇತುವೆಯ ಆಚೆಗಿನ ಇಕ್ಕಟ್ಟು ಬೀದಿಯಲ್ಲಿ ತಗಡಿನ ಬಾಗಿಲಿನ ಮನೆ. ಬಾಗಿಲು ತೆರೆದ ಹೆಂಗಸು ಎಳೆಯವಳು. ಅಷ್ಟು ಜನರನ್ನು ಒಮ್ಮೆಗೇ ಕಂಡು ಬೆದರಿ, "ಯಾರು ಬೇಕಿತ್ತು?" ಎಂದಳು.

ಇಂಥ ಕಡೆ ಸಮಾಧಾನದ ಮಾತು ಹೇಳುವುದು ಹಲ್ಲಿನ ಡಾಕ್ಟರ ಕೆಲಸ. ಈ ಸಲ ತಾಯಿಯೇ ಮುಂದೆ ಬಂದರು.

"ನಿನ್ನನ್ನೇ ನೋಡೋಕೆ ಬಂದೆ ಕಣಮ್ಮ," ಎಂದರು ತಾಯಿ. "ನಿನ್ನ ಗಂಡನ ಮೇಲೆ ಹರಿದ ಕಾರು ನಮ್ಮ ಮನೇದು. ನನ್ನ ಗಂಡ ಅದನ್ನ ಹೇಳೋಕೆ ಹೊರಟಿದ್ರು. ಅವರನ್ನ ಹೋಗೋಕೆ ಬಿಡ್ಲಿಲ್ಲ. ಅದಕ್ಕೆ ನಾನು ಬಂದೆ."

ಆ ಹೆಂಗಸು ಬಾಗಿಲಿಗೆ ಒರಗಿ ಆ ಹಿರಿಯ ಮುಖವನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ತಾಯಿ ಒಬ್ಬರೇ ಒಳಗೆ ಹೋದರು.