ಸಂಶಿಯಲ್ಲಿ ರದ್ದಾದ ಆರು ಪಾಳಿ

ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ‘ಹಿರಿಯರ ಆ್ಯಪ್’ನಲ್ಲಿ ನಿಗದಿಯಾಗಿದ್ದ ಆರು ಮುದುಕರ ಪಾಳಿಗಳು ಒಂದೇ ವಾರದಲ್ಲಿ ರದ್ದಾಗಿ, ಸಂಶಿ ಊರೇ ಕುದಿಯುತ್ತಿತ್ತು. ಆರೂ ಫೋನುಗಳನ್ನು ಮುಟ್ಟಿದವಳು ಗ್ರಂಥಾಲಯದ ಭಾಗ್ಯಾ ಒಬ್ಬಳೇ. ಸಂಜೆಯೊಳಗೆ ಆಕೆಯನ್ನು ಕೆಲಸದಿಂದ ತೆಗೆಯುವುದೆಂದು ಪಂಚಾಯಿತಿ ನಿಶ್ಚಯಿಸಿತ್ತು.

ಆಕೆ ಓಡಿ ಬಂದದ್ದು ಶಂಕ್ರಪ್ಪನವರ ಬಾಗಿಲಿಗೆ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಅವರು ಊರಿನ ಒಗಟುಗಳನ್ನು ಬಿಡಿಸುವುದರಲ್ಲಿ ಎತ್ತಿದ ಕೈ. ಸೈಕಲ್ ಅಂಗಡಿಯ ಬಾಷಾಸಾಬ ಅವರ ನೆರಳು.

“ಫೋನ್ ಯಾಕ ಮುಟ್ಟಿದೆವಾ?” ಎಂದು ಕೇಳಿದರು ಶಂಕ್ರಪ್ಪನವರು.

“ಕಣ್ಣು ಕಾಣಂಗಿಲ್ಲ ಅಂದ್ರು ಕಾಕಾ, ಅಕ್ಷರ ದೊಡ್ಡವು ಮಾಡಿಕೊಟ್ಟೆ. ಅಷ್ಟ!”

ಮೂವರೂ ಸೇರಿ, ಪಾಳಿ ಕಳೆದುಕೊಂಡವರಲ್ಲಿ ಒಬ್ಬಳಾದ ರೇವವ್ವನ ಮನೆಗೆ ಹೋದರು. “ಬರ್ತಿಯೋ ಇಲ್ಲೋ ಅಂತ ಫೋನ್ ಕೇಳ್ತು,” ಎಂದಳು ಮುದುಕಿ. “ಮಬ್ಬಮಬ್ಬ ಒಂದ ಗುಂಡಿ ಕಂಡ್ತು, ಒತ್ತಿದೆ. ಎರಡಿದ್ರ ಯಾರನ್ನರ ಕೇಳತಿದ್ನಿಲ್ಲೋ?”

ಭಾಗ್ಯಾಳ ಫೋನಿನಲ್ಲಿ ಒಂಬತ್ತು ಸಾಲು ಹಿಡಿಯುತ್ತಿದ್ದ ಪರದೆಯನ್ನು ರೇವವ್ವನ ಫೋನಿನಲ್ಲಿ ನಾಲ್ಕೇ ಸಾಲು ತುಂಬಿದ್ದವು. ಶಂಕ್ರಪ್ಪನವರು “ಹೂಂ” ಎಂದರು.

ಸಂಜೆ ಪಂಚಾಯಿತಿಯಲ್ಲಿ ಎಲ್ಲರೂ ನೆರೆದರು. ಆ್ಯಪ್ ಕಟ್ಟಿದ ಸಿದ್ಧಾರೂಢನೂ ಬಂದಿದ್ದ.

“ಅಗದಿ ಸರಳ ಐತ್ರಿ. ಹಸಿರು ಗುಂಡಿ ಒತ್ತಿದ್ರ ಬರ್ತೀನಿ, ಕೆಂಪು ಒತ್ತಿದ್ರ ರದ್ದು. ಈಕಿನ ಒತ್ತ್ಯಾಳ!”

ಪಾಳಿ ಸಿಕ್ಕಿದ್ದರೂ ಆ್ಯಪ್‌ಗೆ ಇನ್ನೂ ಉತ್ತರ ಕೊಡದಿದ್ದ ಏಳನೆಯ ಮುದುಕ ಉಡಚಪ್ಪನ ಫೋನನ್ನು ಶಂಕ್ರಪ್ಪನವರು ಮುಂದಿಟ್ಟರು. ಅದರ ಅಕ್ಷರಗಳನ್ನೂ ಈಗಷ್ಟೇ ದೊಡ್ಡವು ಮಾಡಿಸಿದ್ದರು. “ಹಂಗಾರ ಹಸಿರು ತೋರಸಪಾ.”

ಸಿದ್ಧಾರೂಢನ ಹೆಬ್ಬೆರಳು ತಟ್ಟನೆ ಪರದೆಯನ್ನು ಸರಿಸಹೋಯಿತು. ಶಂಕ್ರಪ್ಪನವರು ಅವನ ಮಣಿಕಟ್ಟು ಹಿಡಿದರು.

“ನಿಂದರು! ಪರದೆ ಮ್ಯಾಲ ಇರೂದು ಕೆಂಪೊಂದ. ಕೆಳಗ ಇನ್ನೊಂದೈತಿ ಅಂತ ಎಲ್ಲಿ ಬರದೈತಿ? ನಿನ್ನ ಬೆರಳಿಗೆ ಯಾರು ಹೇಳಿದ್ರು? ಭಾಗ್ಯಾ ಅಕ್ಷರ ಹಿಗ್ಗಿಸಿದ್ಲು, ಅವು ಹಸಿರನ್ನ ಕೆಳಗ ದಬ್ಬಿದ್ವು. ಪೊರೆ ಬಂದ ಕಣ್ಣಿಗೆ ಉಳಿದ ಗುಂಡಿ ಕೆಂಪೇನು, ಹಸಿರೇನು? ಬೋರ್ಡು ಬರದ ನಾನೂ ಓಣಿ ಆಚಿ ನಿಂತು ಓದಿ ನೋಡತಿದ್ದೆ. ಹಿರಿಯರ ಹೆಸರು ಇಟ್ಟಾಂವಾ, ಒಬ್ಬ ಹಿರಿಯನ ಕೈಯಾಗ ಕೊಟ್ಟು ನೋಡಿದ್ಯಾ?”

“ತಿಂಗಳ ಹಿಂದ ಗೊತ್ತಾಗಿತ್ರಿ,” ಸಿದ್ಧಾರೂಢನ ದನಿ ಕುಗ್ಗಿತು. “ದೊಡ್ಡ ಅಕ್ಷರ ಎಷ್ಟ ಮಂದಿ ಇಟ್ಕೋತಾರ ಅಂತ ಬಿಟ್ಟಿದ್ದೆ.”

ಅಧ್ಯಕ್ಷೆ ದಾನೇಶ್ವರಿ ವಜಾ ಆದೇಶವನ್ನು ಹರಿದೆಸೆದಳು.

“ತಪ್ಪಾತಕ್ಕಾ,” ಎಂದು ಸಿದ್ಧಾರೂಢ ಭಾಗ್ಯಾಳತ್ತ ಕೈಮುಗಿದ.

ಭಾಗ್ಯಾ ಬಾಗಿಲಿಗೆ ಅಡ್ಡ ನಿಂತಳು. “ಕೈ ಆಮ್ಯಾಲ ಮುಗಿ. ಮೊದಲ ದವಾಖಾನಿಗೆ ಫೋನ್ ಹಚ್ಚು. ಆರೂ ಮಂದಿ ಪಾಳಿ ವಾಪಸ್ ಬರೂತನಕ ನಾ ಈ ಬಾಗಲದಾಗ ನಿಂತಿರ್ತೀನಿ. ದಾಟಿ ಹೋಗು, ನೋಡೂಣು!”

ರೇವವ್ವ ಗೋಡೆ ಹಿಡಿದು ಎದ್ದು ಬಂದು ಆಕೆಯ ಮಗ್ಗುಲಲ್ಲಿ ನಿಂತಳು. ಪಾಳಿ ಕಳೆದುಕೊಂಡ ಉಳಿದ ಐವರೂ ಒಬ್ಬೊಬ್ಬರಾಗಿ ಎದ್ದರು.