ತಗಡಿನ ವಿಮಾನದ ಬಾಲ

"ನಮ್ಮ ಅಳಿಯ ಒರೆಸಿ ಕೊಡ್ತಾನೆ, ನಾನು ನೋಡಿ ಹೇಳ್ತೀನಿ. ಇಷ್ಟೇ ನಮ್ಮ ಕೆಲಸ."

ಮಾವ ಹಾಗೆಂದದ್ದು ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ. ಹಳೆಯ ಆಟಿಕೆ ಸಂಗ್ರಹಿಸುವವರೆಲ್ಲ ಹೋ ಎಂದು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಅಳಿಯನೂ ನಕ್ಕ. ನಗದೆ ಕೂತಿದ್ದರೆ ಉಳಿದಿದ್ದ ಮರ್ಯಾದೆಯೂ ಹೋಗುತ್ತಿತ್ತು.

ಅಂದು ಎಲ್ಲರೂ ಸೇರಿದ್ದು ಒಂದು ತಗಡಿನ ಯುದ್ಧನೌಕೆಯ ಸಲುವಾಗಿ. ಅದು ಯಾವನೋ ಕಾರ್ಖಾನೆಯವನ ಕಲ್ಪನೆ ಎಂದೇ ಜನ ನಂಬಿದ್ದರು. ಅಲ್ಲ, ಅದರ ಹಿಂದೆ ಯುದ್ಧದಲ್ಲಿ ಮುಳುಗಿದ ನಿಜವಾದ ಹಡಗೊಂದಿದೆ ಎಂದು ಪತ್ತೆ ಹಚ್ಚಿದವನು ಅಳಿಯ. ಹೊಗೆಕೊಳವೆ ವಾಲಿದ ರೀತಿ, ಫಿರಂಗಿಗಳು ಮುಂದೆರಡು ಹಿಂದೊಂದು ನಿಂತ ಕ್ರಮ, ಇವನ್ನು ಮಸುಕು ಫೋಟೋಗಳ ಜೊತೆ ಹೋಲಿಸಿ ಹೋಲಿಸಿ ಅವನ ಕಣ್ಣುಗಳು ಕೆಂಪಾಗಿದ್ದವು. ಚಪ್ಪಾಳೆ ಮಾತ್ರ ಮಾವನಿಗೆ. ಊರವರು 'ತಗಡು ತಾತ' ಎಂದು ಕರೆಯುತ್ತಿದ್ದ ಆ ಮುದುಕ ಕೈಗೆ ಬಂದ ಯಾವ ಆಟಿಕೆಯ ಹಿಂದಿನ ವಿಮಾನವನ್ನಾದರೂ, ಹಡಗನ್ನಾದರೂ ಹೆಸರು ಹಿಡಿದು ಕರೆಯಬಲ್ಲ ಎಂಬ ಖ್ಯಾತಿ ದೂರದೂರಕ್ಕೆ ಹಬ್ಬಿತ್ತು. ಅದರಲ್ಲಿ ಅರ್ಧ ಖ್ಯಾತಿ ತನ್ನದೆಂಬ ಸಂಕಟ ಅಳಿಯನನ್ನು ವರ್ಷಗಳಿಂದ ಕಾಡುತ್ತಿತ್ತು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಒಂದು ದಿನ ಊಟಕ್ಕೆ ಕೂತಾಗ ಮಾವ ತಣ್ಣಗೆ ಹೇಳಿದರು. "ಎಲ್ಲಾನೂ ಮ್ಯೂಸಿಯಂಗೆ ಕೊಟ್ಬಿಡೋಣ ಅಂತಿದೀನಿ. ಮುಂದಿನ ತಿಂಗಳು ಸಹಿ. ನಿನಗೂ ಅಲ್ಲೇ ಒಂದು ಕೆಲಸ ಕೇಳಿದೀನಿ ಕಣಯ್ಯ. ಗಾಜು ಗೀಜು ಒರೆಸ್ಕೊಂಡು ಇರಬಹುದು."

ಅಳಿಯ ಅನ್ನ ಕಲೆಸುತ್ತಲೇ ಲೆಕ್ಕ ಹಾಕಿದ. ಸಹಿಗೆ ಮೊದಲೇ ಮುದುಕ ಕಣ್ಣು ಮುಚ್ಚಿದರೆ ಎಲ್ಲವೂ ಒಬ್ಬಳೇ ಮಗಳಿಗೆ, ಅಂದರೆ ತನ್ನ ಹೆಂಡತಿಗೆ. ಅಲ್ಲಿಂದ ತನಗೆ ಒಂದೇ ಹೆಜ್ಜೆ. ಕೈ ತೊಳೆಯುವಷ್ಟರಲ್ಲಿ ಅವನು ನಿರ್ಧರಿಸಿಬಿಟ್ಟಿದ್ದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಾರಿಯನ್ನು ಮಾವನೇ ತೋರಿಸಿಕೊಟ್ಟಿದ್ದರು. ಆಟಿಕೆಯ ಹೊಟ್ಟೆಯ ಕೆಳಗೆ ಕೊಳೆಯಲ್ಲಿ ಹೂತ ಕಾರ್ಖಾನೆಯ ಗುರುತನ್ನು ಓದಲು ಅವರು ಬಟ್ಟೆ ಬಳಸುತ್ತಿರಲಿಲ್ಲ. ಬೆರಳನ್ನು ನಾಲಿಗೆಗೆ ಒತ್ತಿ ತಗಡಿಗೆ ಉಜ್ಜುವರು, ಮತ್ತೆ ನಾಲಿಗೆಗೆ, ಮತ್ತೆ ತಗಡಿಗೆ. ಹಳೆಯ ಬಣ್ಣಕ್ಕೆ ಉಗುಳಿಗಿಂತ ಒಳ್ಳೆಯ ಔಷಧಿಯಿಲ್ಲ ಎಂಬುದು ಅವರ ಸಿದ್ಧಾಂತ. ಎದುರಿಗೆ ಅಳಿಯನ ಮಗಳು ಪುಟ್ಟಿ ನಿಂತಿದ್ದರೆ ಅವಳೂ ಬೆರಳು ನೆಕ್ಕಿ ತನ್ನ ಲಂಗಕ್ಕೆ ಉಜ್ಜಿ ತಾತನನ್ನು ಅಣಕಿಸುತ್ತಿದ್ದಳು. ಮಾವನ ಹೃದಯವೋ ಮೊದಲೇ ಸೋತಿತ್ತು. ಇವತ್ತೋ ನಾಳೆಯೋ ಎಂದು ಡಾಕ್ಟರೇ ಕೈಚೆಲ್ಲಿದ್ದರು. ಅಂಥವರು ಕುರ್ಚಿಯಲ್ಲೇ ತಲೆ ವಾಲಿಸಿದರೆ ಯಾರೂ ಏನೂ ಕೇಳುವುದಿಲ್ಲ.

ವಿಷವನ್ನು ಅವನು ಎಲ್ಲಿಂದ ತಂದ ಎಂಬುದು ನಮಗೆ ಬೇಡ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಜೊಂಪು, ಆಮೇಲೆ ನಿದ್ದೆ, ಆಮೇಲೆ ಏನೂ ಇಲ್ಲ.

ಇನ್ನು ಬೇಕಾದದ್ದು ಗಾಳಕ್ಕೆ ಎರೆ. ಬೇರೊಂದು ಊರಿನ ಗುಜರಿ ಅಂಗಡಿಯಲ್ಲಿ ಎರಡು ಎಂಜಿನ್ನಿನ ತಗಡಿನ ಬಾಂಬರ್ ವಿಮಾನ ಸಿಕ್ಕಿತು. ಬಾಲ ಮುರಿದು ಎಂದೋ ಕಳೆದುಹೋಗಿತ್ತು. ಮೂಗಿನ ಮೇಲೆ ಕಿಟಕಿ ಗಾಜಿನಂತೆ ಬರೆದ ಗೀರುಗಳನ್ನು ನೋಡಿದ ಕೂಡಲೇ ಅದು ಯಾವ ವಿಮಾನವೆಂದು ಅವನಿಗೆ ಹೊಳೆದಿತ್ತು. ಬಾಲವೊಂದನ್ನು ಕೂಡಿಸಿದರೆ ಯಾರೂ ಕಂಡಿರದ ಅಪರೂಪದ ಆಟಿಕೆಯಾಗುತ್ತದೆ. ಅಂಥದ್ದನ್ನು ಕಂಡರೆ ಮಾವ ಗುರುತಿಗಾಗಿ ಹೊಟ್ಟೆ ಉಜ್ಜದೆ ಬಿಡುವವರಲ್ಲ.

ಆ ಬಾಲವನ್ನು ಅವನು ಭಕ್ತಿಯಿಂದ ಮಾಡಿದ. ನಿಜವಾದ ವಿಮಾನಕ್ಕೆ ಬಾಲದ ಎರಡು ತುದಿಯಲ್ಲೂ ನೆಟ್ಟಗೆ ನಿಂತ ಒಂದೊಂದು ರೆಕ್ಕೆ, ಮೊಟ್ಟೆಯಾಕಾರ, ಕೆಳಗೆ ಸ್ವಲ್ಪ ಮೊನಚು. ಹಾಗೆಯೇ ಕತ್ತರಿಸಿದ, ಹಾಗೆಯೇ ಬಾಗಿಸಿದ, ಬಣ್ಣ ಹಚ್ಚಿ ಹಳತು ಮಾಡಿದ. ತಪ್ಪು ಮಾಡಲು ಅವನ ಕೈ ಒಪ್ಪುತ್ತಲೇ ಇರಲಿಲ್ಲ. ಕೊನೆಗೆ ಹೊಟ್ಟೆಯ ಕೊಳೆಯಲ್ಲಿ ವಿಷ ಕಲೆಸಿ ತೆಳ್ಳಗೆ ಬಳಿದು ಒಣಗಿಸಿದ. ಮುಗಿಸಿ ದೂರವಿಟ್ಟು ನೋಡಿದಾಗ, ಕೊಲ್ಲುವುದಕ್ಕೆ ಮಾಡಿದ್ದೆಂಬುದನ್ನೂ ಮರೆತು, ಎಷ್ಟು ಚೆನ್ನಾಗಿದೆ ಎಂದುಕೊಂಡ.

ಬೇರೆಯವರ ಕೈಗೆ ಸಿಕ್ಕೀತೆಂಬ ಭಯವಿರಲಿಲ್ಲ. ಹೆಂಡತಿಗೆ ತಗಡಿನ ಸಾಮಾನು ಕಂಡರೆ ಮೈಯೆಲ್ಲ ಉರಿ. ಮುಟ್ಟಿದರೂ ಒರೆಸುವ ಬಟ್ಟೆಯಿಂದಲೇ ಮುಟ್ಟುವಳು. ಪುಟ್ಟಿಯಂತೂ 'ಅಮ್ಮ' ಎನ್ನುವ ಮೊದಲೇ 'ಮುತ್ಬೇದ' ಎನ್ನಲು ಕಲಿತವಳು. ಗೋಡೆಯ ತುಂಬ ವಿಮಾನ, ಹಡಗು, ಟ್ಯಾಂಕುಗಳಿದ್ದ ಆ ಮನೆಯಲ್ಲಿ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುವಳು, ಬಾಟಲಿಯ ಮುಚ್ಚಳ ಜೋಡಿಸಿ ಆಡುವಳು. ಎಲ್ಲ ಮುಗಿದ ಮೇಲೆ ತಾನು ಮನೆಗೆ ಬಂದು, ಅಳುತ್ತಾ, ವಿಮಾನವನ್ನು ನಲ್ಲಿಯ ಕೆಳಗೆ ಹಿಡಿದರೆ ಸಾಕು. ಒರೆಸುವುದು ಅವನ ಕೆಲಸವೇ ತಾನೆ.

ಹರಾಜಿನ ನೆಪ ಹೇಳಿ ಅವನು ರೈಲು ಹತ್ತಿದ. ದಾರಿಯಲ್ಲಿ, ಕಳಿಸಿದವರ ಜಾಗದಲ್ಲಿ ಸುಳ್ಳು ವಿಳಾಸ ಬರೆದು, ಮಾವನ ಹೆಸರಿಗೆ ಪಾರ್ಸಲ್ ಕಳಿಸಿದ. ಅದು ತಲುಪಬೇಕಾದ ದಿನ ಹರಾಜಿನ ಸಭಾಂಗಣದ ಮೊದಲ ಸಾಲಿನಲ್ಲೇ ಕೂತ, ಹತ್ತು ಜನ ನೋಡಲಿ ಎಂದು. ಜೇಬಿನ ಫೋನು ಈಗ ಅದುರೀತು, ಆಗ ಅದುರೀತು. ಕೇಳಿದಾಗ ಮುಖ ಹೇಗಿರಬೇಕು, ಬಾಯಿಂದ ಮೊದಲು ಯಾವ ಮಾತು ಬರಬೇಕು, ಎಲ್ಲವನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ಮಧ್ಯಾಹ್ನವಾಯಿತು. ಫೋನು ಮಾತಾಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವನೇ ಹೆಂಡತಿಗೆ ಫೋನು ಮಾಡಿದ.

"ಮಾವ ಹೇಗಿದಾರೆ?"

"ಗುಂಡುಕಲ್ಲಿನ ಹಾಗಿದಾರೆ. ಊಟ ಮಾಡಿ ಪೇಪರ್ ಓದ್ತಾ ಕೂತಿದಾರೆ. ಯಾಕ್ರೀ?"

"ಏನಿಲ್ಲ. ಯಾವುದಾದ್ರೂ ಪಾರ್ಸಲ್ ಬಂತಾ?"

"ಓ, ಬೆಳಿಗ್ಗೆನೇ ಬಂತು. ವಿಮಾನ. ಅಪ್ಪ ಕೈಗೂ ತಗೊಳ್ಳಲಿಲ್ಲ, ಪೆಟ್ಟಿಗೆಯಲ್ಲಿದ್ದ ಹಾಗೇ ನೋಡಿ ನಕ್ಕುಬಿಟ್ರು. ಆಟಿಕೆ ಮಾಡೋನು ಬಾಲಕ್ಕೆ ಎರಡು ತಗಡು ಯಾಕೆ ಕತ್ತರಿಸ್ತಾನೆ, ಖರ್ಚು ಉಳಿಸೋಕೆ ಒಂದರಲ್ಲೇ ಮುಗಿಸ್ತಾನೆ, ಆಟಿಕೆ ಯಾವತ್ತೂ ಇಷ್ಟು ಸರಿಯಾಗಿರಲ್ಲ ಅಂದ್ರು. ಆ ಬಾಲ ಯಾರೋ ಆಮೇಲೆ ಅಂಟಿಸಿರೋದಂತೆ. ಆದ್ರೆ ಮಾಡಿದೋನು ಸಾಮಾನ್ಯದೋನಲ್ಲ, ನನಗಿಂತ ಚೆನ್ನಾಗಿ ವಿಮಾನ ಬಲ್ಲೋನು ಅಂತ ಎರಡು ಸಲ ಹೇಳಿದ್ರು ನೋಡಿ. ಅಪ್ಪ ಯಾರನ್ನೂ ಹಾಗೆ ಹೊಗಳಿದ್ದು ನಾನು ಕೇಳೇ ಇಲ್ಲ."

"ಈಗೆಲ್ಲಿದೆ ಅದು?" ಎಂದು ಕೇಳಿದ. "ಬೆಲೆ ಇಲ್ಲದ ಸಾಮಾನಲ್ವಾ, ಪುಟ್ಟಿಗೆ ಕೊಟ್ಬಿಟ್ರು," ಎಂದಳು ಹೆಂಡತಿ, ಮಗು ಏಳಬಾರದೆಂಬಂತೆ ದನಿ ತಗ್ಗಿಸಿ. "ಇಷ್ಟು ಆಟಿಕೆ ಇರೋ ಮನೇಲಿ ಅವಳದ್ದು ಅಂತ ಇದೇ ಮೊದಲನೇದು ಕಣ್ರೀ. ಕುಣಿದಾಡಿಬಿಟ್ಲು. ಬೆಳಿಗ್ಗೆಯಿಂದ ಇಳಿಸಿಲ್ಲ, ಥೇಟ್ ತಾತನ ಹಾಗೇ ಬೆರಳು ನೆಕ್ಕಿ ನೆಕ್ಕಿ ಅದರ ಹೊಟ್ಟೆ ಉಜ್ಜಿದ್ದೇ ಉಜ್ಜಿದ್ದು. ಯಾಕೋ ಇವತ್ತು ಊಟಾನೂ ಬೇಡ ಅಂದ್ಲು. ಹೊತ್ತಲ್ಲದ ಹೊತ್ತಲ್ಲಿ ವಿಮಾನ ತಬ್ಕೊಂಡು ಮಲಗಿಬಿಟ್ಟಿದಾಳೆ."